ಮಂಟಪದಲ್ಲಿ ಹಾಡಿದ ಫೋನು

ಎದುರಿಗೆ ಹಾಡುತ್ತೇವೆಂದು ಜನರನ್ನು ಕರೆದು, ಮೊದಲೇ ಮುದ್ರಿಸಿಟ್ಟ ಹಾಡಿಗೆ ಬಾಯಿ ಆಡಿಸುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಈ ಉರಿ ಇಂದು ನಿನ್ನೆಯದಲ್ಲ. ಇದಕ್ಕಾಗಿ ಯಾರ ಕ್ಷಮೆ ಕೇಳುವವನೂ ನಾನಲ್ಲ.

ಕೋಡಿಬಾಗದಲ್ಲಿ, ಕಾಳಿ ನದಿಯ ದಂಡೆಯ ಮೇಲೆ, ಮೀನುದೋಣಿಗಳ ಎಂಜಿನ್ ರಿಪೇರಿ ಮಾಡಿ ಬದುಕುವವನು ನಾನು. ಏಳನೆಯ ತರಗತಿಗೇ ಶಾಲೆ ಬಿಟ್ಟೆ. ಆಮೇಲೆ ಕಲಿತದ್ದೆಲ್ಲ ಕೈಯಿಂದ ಮತ್ತು ಕಿವಿಯಿಂದ. ಎಂಜಿನ್ ಚಾಲೂ ಮಾಡಿಸಿ ಎರಡು ನಿಮಿಷ ಸುಮ್ಮನೆ ನಿಂತರೆ ಸಾಕು, ಯಾವ ಬೇರಿಂಗ್ ಸವೆದಿದೆ, ಯಾವ ವಾಲ್ವ್ ಸರಿಯಾಗಿ ಕೂರುತ್ತಿಲ್ಲ ಎಂಬುದು ಬಿಚ್ಚುವ ಮೊದಲೇ ನನಗೆ ತಿಳಿಯುತ್ತದೆ. ಇಂಥ ಕಿವಿಗೆ ಸುಳ್ಳು ಕೇಳಿಸಲು ಹೋದರೆ ಹೇಗಾಗಬೇಕು?

ಕೆಲವು ವರ್ಷಗಳ ಹಿಂದೆ ಮಡಗಾಂವಿನಲ್ಲಿ ಒಬ್ಬ ಹೆಸರಾಂತ ಗಾಯಕರ ದೊಡ್ಡ ಕಾರ್ಯಕ್ರಮ. ಆ ಗಾಯಕರ ಹೊಸ ಆಲ್ಬಂ ಬಂದು ಹದಿನೈದು ದಿನವಾಗಿತ್ತು. ಕೆಲಸ ಮಾಡುತ್ತಾ ಅದನ್ನೇ ಕೇಳಿ ಕೇಳಿ ನನಗೆ ಅದರ ಒಂದೊಂದು ಉಸಿರೂ ಬಾಯಿಪಾಠ. ಮೂರನೆಯ ಹಾಡಿನ ಎರಡನೆಯ ಚರಣಕ್ಕೆ ಮುಂಚೆ ಅವರು ಸಣ್ಣಗೆ, ಸ್ವಲ್ಪ ಒಡೆದ ಹಾಗೆ ಉಸಿರೆಳೆದುಕೊಳ್ಳುತ್ತಾರೆ. ವೇದಿಕೆಯ ಮೇಲೂ ಅದೇ ಜಾಗದಲ್ಲಿ ಅದೇ ಉಸಿರು ಬಂತು. ಒಡಕೂ ಅದೇ. ಆಗ ಅವರು ನಗುತ್ತಾ ಜನರಿಗೆ ಕೈ ಬೀಸುತ್ತಿದ್ದರು. ನಾನು ಎದ್ದು ನಿಂತು, "ಹಾಡ್ರೀ! ಬಂದದ್ದು ಕೇಳೂಕೆ, ನಿಮ್ಮ ಕೈ ನೋಡೂಕಲ್ಲ!" ಎಂದು ಕೂಗಿದೆ. ಕಾವಲಿನವನು ಮೊಣಕೈ ಹಿಡಿದು ನನ್ನನ್ನು ಹೊರಗೆ ಬಿಟ್ಟ. ಹೊರಗೆ ಹೋಗಬೇಕಾದವರು ಬೇರೆಯವರಿದ್ದರು.

ಅದೇ ವರ್ಷ ಅಂಕೋಲೆಯ ಒಂದು ಸಣ್ಣ ಸಭಾಭವನದಲ್ಲಿ ಇನ್ನೊಬ್ಬರ ಕಛೇರಿ. ಸಮುದ್ರದ ತೇವಕ್ಕೆ ತಬಲಾ ಇಳಿದುಹೋಗಿ, ಶ್ರುತಿ ಕೂರಿಸಲು ಮುಕ್ಕಾಲು ಗಂಟೆ ಹಿಡಿಯಿತು. ಗಾಯಕರು ಕಾದರು, ನಾವೂ ಕಾದೆವು. ಯಾರೂ ಏಳಲಿಲ್ಲ. ಎದುರಿಗೆ ಕೇಳುವುದೆಂದರೆ ಇದೂ ಸೇರಿಯೇ.

ಈ ಹುಚ್ಚಿನಿಂದಲೇ ನನ್ನ ರೇಡಿಯೋ ಹುಟ್ಟಿತು. ಅಂಗಡಿಯ ಅಟ್ಟದ ಮೇಲೆ ಒಂದು ಹಳೆಯ ಕಂಪ್ಯೂಟರ್, ಒಂದು ಮೈಕು, ಇಂಟರ್ನೆಟ್ಟಿನ ವಯರು. ಅಷ್ಟರಲ್ಲೇ ಇಂಟರ್ನೆಟ್ ರೇಡಿಯೋ ನಡೆಯುತ್ತದೆ. ಫೋನಿರುವ ಯಾರೇ ಆದರೂ, ಯಾವ ಊರಿನಿಂದಲೇ ಆದರೂ ಕೇಳಬಹುದು. ದೊಡ್ಡ ಕಂಪನಿಯ ಹಾಡು ಹಾಕುವುದಿಲ್ಲ. ಹೊಸ ಆಲ್ಬಂ ಮಾಡಿದ ಸಣ್ಣ ಕಲಾವಿದರಿಗೆ ಬರೆದು, ಅವರು ಒಪ್ಪಿದರೆ ಮಾತ್ರ ಹಾಕುತ್ತೇನೆ. ಉಳಿದದ್ದೆಲ್ಲ ನಾನೇ ಹೋಗಿ, ಕೇಳಿ, ಮುದ್ರಿಸಿಕೊಂಡು ಬಂದದ್ದು: ಗುಮಟೆ ವಾದ್ಯ ಬಾರಿಸುತ್ತಾ ಹಾಡುವ ಪಾಂಗು, ಭಜನೆ, ಊರ ನಾಟಕದ ಹಾಡು. ಒಂದೊಂದಕ್ಕೂ ಮೊದಲು ಎಲ್ಲಿ, ಯಾವಾಗ, ಯಾರು ಹಾಡಿದ್ದು ಎಂದು ನನ್ನ ದನಿಯಲ್ಲೇ ಹೇಳುತ್ತೇನೆ. ದೋಣಿಯವರು ನಗುತ್ತಾರೆ. "ಏಳನೇತ್ತೆ ಬಿಟ್ಟಂವ ಸ್ಟೇಷನ್ ಮಾಸ್ತರ್ ಆದ್ನಾ ಮಾರಾಯಾ!" ಎಂದು ಒಬ್ಬ ಅಂಗಡಿಯ ಬಾಗಿಲಲ್ಲಿ ನಿಂತೇ ಕೂಗಿದ್ದ. ನಗಲಿ. ಅವನ ಎಂಜಿನ್ನು ಕೆಟ್ಟಾಗ ಬರುವುದು ನನ್ನ ಹತ್ತಿರವೇ.

ಅಂಕೋಲೆಯ ಕಡೆ, ಸಮುದ್ರದ ಬದಿಯ ಒಂದು ಕೇರಿಗೆ ನನ್ನ ಅಕ್ಕನನ್ನು ಕೊಟ್ಟಿದೆ. ಪ್ರತಿ ಶ್ರಾವಣದಲ್ಲಿ ಅಲ್ಲಿಯ ದೇವಸ್ಥಾನದಲ್ಲಿ ಭಜನಾ ಸಪ್ತಾಹ. ಏಳು ದಿನ ದೀಪ ಆರಬಾರದು, ದೇವರ ನಾಮ ನಿಲ್ಲಬಾರದು. ಮೂರು ತಾಸಿಗೊಂದು ಪಹರೆ. ಪ್ರತಿ ಪಹರೆಗೂ ಒಂದು ಗುಂಪು ತಾಳ ಹಿಡಿದು ದೀಪದ ಸುತ್ತ ಹಾಡುತ್ತಾ ತಿರುಗುತ್ತದೆ. ಬರುವ ಗುಂಪು ತಾಳ ಬಾರಿಸುತ್ತಲೇ ಒಳಗೆ ಬರಬೇಕು, ಆಮೇಲೆಯೇ ಹೋಗುವ ಗುಂಪು ಕೈ ಬಿಡಬೇಕು. ನಡುವೆ ಒಂದು ಕ್ಷಣದ ಮೌನವೂ ಇರಕೂಡದು. ಈ ಕೈಬದಲಾವಣೆ ನೋಡಲೆಂದೇ ನಾನು ಪ್ರತಿ ವರ್ಷ ಹೋಗಿ ಮುದ್ರಿಸಿಕೊಂಡು ಬರುತ್ತಿದ್ದೆ. ಎರಡು ಗುಂಪಿನ ತಾಳ ಬೆರೆತು ಒಂದಾಗುವ ಆ ಅರ್ಧ ನಿಮಿಷಕ್ಕೆ ಸಮನಾದದ್ದನ್ನು ನಾನು ಯಾವ ಆಲ್ಬಮ್ಮಿನಲ್ಲೂ ಕೇಳಿಲ್ಲ.

ಕಳೆದ ವರ್ಷ ಮೀನುಗಾರಿಕೆ ನಿಷೇಧ ಮುಗಿದ ಹೊಸತು. ಅಂಗಡಿಯ ಮುಂದೆ ಎಂಜಿನ್ನುಗಳ ಸಾಲು. ಹೋಗಲು ಬಿಡುವಿರಲಿಲ್ಲ. ಸಪ್ತಾಹ ಶುರುವಾದ ದಿನ ಭಾವ ಫೋನ್ ಮಾಡಿದರು. ಅವರು ಅಲ್ಲಿಯ ಸಮಿತಿಯ ಮುಖ್ಯಸ್ಥರು, ಸ್ವಂತ ದೋಣಿ ಇರುವವರು.

"ಅಲ್ದಾ, ನಿನ್ನ ರೇಡಿಯೋದಾಗೆ ನಮ್ಮ ಹೋದ್ವರ್ಷದ ಸಪ್ತಾಹ ಹಾಕ್ತ್ಯಾ?"

"ಹಾಕ್ತೆ ಭಾವ. ಯಾವ ಹೊತ್ತಿಗೆ ಬೇಕು?"

"ಮಧ್ಯಾಹ್ನ ಎರಡರಿಂದ ಐದು. ದಿನಾ ಹಾಕು."

ನನಗೆ ಆದ ಸಂತೋಷ ಹೇಳಲಾರೆ. ಅಷ್ಟು ವರ್ಷ ನನ್ನ ರೇಡಿಯೋವನ್ನು 'ಡಬ್ಬಿ' ಎಂದು ಕರೆದಿದ್ದ ಮನುಷ್ಯ ಅವರು. ಎರಡನೆಯ ದಿನದಿಂದ ಹಾಕಿದೆ. ಎಷ್ಟು ಜನ ಕೇಳುತ್ತಿದ್ದಾರೆ ಎಂಬುದು ನನ್ನ ಕಂಪ್ಯೂಟರಿನಲ್ಲಿ ಕಾಣುತ್ತದೆ. ಬೇರೆ ಹೊತ್ತಿನಲ್ಲಿ ಬರುವವರು ಬಂದು ಹೋಗುವವರು. ಈ ಹೊತ್ತಿನಲ್ಲಿ ಮಾತ್ರ ಒಬ್ಬರು ಸರಿಯಾಗಿ ಎರಡಕ್ಕೆ ಬಂದು ಐದರವರೆಗೆ ಕದಲದೆ ಕೂತರು. ಮರುದಿನವೂ ಹಾಗೆಯೇ. ಭಾವನಂತೂ ಮೂರು ತಾಸು ಕೂರುವ ಜಾತಿಯಲ್ಲ. ಯಾರೋ ಗಲ್ಫಿನಲ್ಲಿರುವ ನಮ್ಮೂರ ಮನುಷ್ಯ ಇರಬೇಕು, ಹಡಗಿನ ಕೆಲಸದವನಿರಬೇಕು, ಭಾವ ಅವನಿಗಾಗಿಯೇ ಕೇಳಿರಬೇಕು ಎಂದು ನಾನೇ ಕಟ್ಟಿಕೊಂಡೆ. ನಾಲ್ಕನೆಯ ದಿನ ಮೂರು ಗಂಟೆಯ ಸುಮಾರಿಗೆ ಖುಷಿ ಉಕ್ಕಿ ಬಂದು, ಗ್ರೀಸಿನ ಕೈಯಲ್ಲೇ ಅಟ್ಟ ಹತ್ತಿದೆ. ಭಜನೆಯ ಸದ್ದು ಸ್ವಲ್ಪ ಇಳಿಸಿ ಮೈಕಿನಲ್ಲಿ ಮಾತಾಡಿದೆ:

"ಮೂರು ದಿನದಿಂದ ಕೇಳ್ತಾ ಇದ್ದವರಿಗೆ ನಮಸ್ಕಾರ. ನೀವು ಊಟ ಮಾಡಿದ್ರಾ? ಇದು ಕೋಡಿಬಾಗದಿಂದ ಬರ್ತಾ ಅದೆ. ನಮ್ಮಲ್ಲಿ ಎಲ್ಲಾ ನಮೂನೆ ಬೋಟಿನ ಎಂಜಿನ್ ರಿಪೇರಿಯೂ ಮಾಡಿಕೊಡಲಾಗುವುದು."

ಐದು ನಿಮಿಷ ಕಳೆದಿರಲಿಲ್ಲ, ಅಕ್ಕನ ಫೋನು.

"ತಮ್ಮಾ, ನಿಂಗೆ ಮಂಡೆ ಸರಿ ಅದ್ಯಾ?"

"ಎಂತಾಯ್ತಕ್ಕ?"

"ದೇವಸ್ಥಾನದ ಮೈಕಿನಾಗೆ ನಿನ್ನ ದನಿ! ಊಟ ಮಾಡಿದ್ರಾ ಅಂತೆ, ಎಂಜಿನ್ ರಿಪೇರಿ ಅಂತೆ! ಕೇರಿಯವ್ರೆಲ್ಲಾ ನಗ್ತಿದ್ರು. ನಾ ನಗೂದಾ, ಅಳೂದಾ?"

"ನನ್ನ ದನಿ ಅಲ್ಲಿಗೆ ಹ್ಯಾಂಗೆ ಬಂತು?"

ಅಕ್ಕ ದನಿ ಇಳಿಸಿ ಹೇಳಿದಳು: "ಮಧ್ಯಾಹ್ನದ ಪಹರೆಗೆ ಜನ ಇಲ್ಲ. ನಿಮ್ಮ ಭಾವ ಮೈಕಿಗೆ ಫೋನ್ ಹಚ್ಚಿ ನಿನ್ನ ರೇಡಿಯೋ ಇಟ್ಟಿದ್ರು. ನಿಂಗೆ ಗೊತ್ತದೆ ಅಂದ್ಕಂಡಿದ್ದೆ ನಾನು."

ಕೈ ತೊಳೆಯಲೂ ಇಲ್ಲ. ದನಿ ಮುದ್ರಿಸುವ ಯಂತ್ರವನ್ನು ಚೀಲಕ್ಕೆ ಹಾಕಿ ಸ್ಕೂಟರ್ ಹತ್ತಿದೆ. ಅರ್ಗಾ ದಾಟಿ, ಹೆದ್ದಾರಿಯ ಮೇಲೆ ಲಾರಿಗಳ ನಡುವೆ ಹೋಗುತ್ತಾ ನಾನು ಒಬ್ಬನೇ ಜೋರಾಗಿ ಬೈಯುತ್ತಿದ್ದೆ. ಮಡಗಾಂವಿನ ಗಾಯಕರಿಗೆ ಕನಿಷ್ಠ ಬಾಯಿ ಆಡಿಸುವಷ್ಟಾದರೂ ನಾಚಿಕೆ ಇತ್ತು.

ದೇವಸ್ಥಾನದ ಮಂಟಪ ಖಾಲಿ. ನಡುವೆ ದೀಪ ಉರಿಯುತ್ತಿತ್ತು. ಅದರ ಪಕ್ಕ ಒಂದು ಮಣೆ, ಮಣೆಯ ಮೇಲೆ ವೀಳ್ಯದೆಲೆ, ಎಲೆಯ ಮೇಲೆ ಭಾವನ ಫೋನು. ಯಾರೋ ಅದಕ್ಕೆ ಕುಂಕುಮ ಹಚ್ಚಿ ಒಂದು ದಾಸವಾಳವನ್ನೂ ಇಟ್ಟಿದ್ದರು. ಫೋನಿನಿಂದ ವಯರು ಮೈಕಿನ ಯಂತ್ರಕ್ಕೆ ಹೋಗಿತ್ತು. ಹೋದ ವರ್ಷದ ಗುಂಪು, ನಾನೇ ಮುದ್ರಿಸಿದ ಗುಂಪು, ಯಾರೂ ಇಲ್ಲದ ಜಾಗದಲ್ಲಿ ಗಂಟಲು ಬಿಟ್ಟು ಹಾಡುತ್ತಿತ್ತು. ಭಾವ ಮೆಟ್ಟಿಲ ಮೇಲೆ ಕೂತು ಬಲೆ ಕಟ್ಟುತ್ತಿದ್ದರು. ಆಚೆ ಜಗಲಿಯಲ್ಲಿ ಮೀನು ಮಾರಿ ಬಂದ ನಾಲ್ಕು ಹೆಂಗಸರು, ಅವರ ಜೊತೆ ಅಕ್ಕ.

ಜಗಳ ಆಗುವುದು ಖಂಡಿತವಿತ್ತು. ನಾಳೆ ಯಾರೂ ಇಲ್ಲವೆನ್ನಬಾರದು, ಸಾಕ್ಷಿಗೆ ಇರಲಿ ಎಂದು ಯಂತ್ರವನ್ನು ಚಾಲೂ ಮಾಡಿ ಕಂಬದ ಬುಡದಲ್ಲಿ ಇಟ್ಟೆ.

"ಇದೆಂತದು ಭಾವ?"

"ನಾಮ. ಕೇಳೂದಿಲ್ಯಾ?"

"ಹಾಡೂರು ಎಲ್ಲಿ?"

"ಸಮುದ್ರದಾಗೆ." ಅವರು ತಲೆ ಎತ್ತಲಿಲ್ಲ. "ಬಂಗಡೆ ಬಂದದೆ. ಎರಡು ತಿಂಗಳು ದಡಕ್ಕೆ ಕೂತೋರಿಗೆ ನಾ ಹೋಗ್ಬೇಡಿ ಹೇಳೂದಾ? ನೌಕ್ರಿ ಇದ್ದೋರಿಗೆ ರಜೆ ಸಿಕ್ಕೂದಿಲ್ಲ. ಮೀನು ಸಪ್ತಾಹ ನೋಡ್ಕಂಡು ಬತ್ತದ್ಯಾ?"

"ಹಾಗಾದ್ರೆ ನಾಮ ಮುರಿದದೆ ಹೇಳಿ."

"ಎಲ್ಲಿ ಮುರಿದದೆ? ನಮ್ಮೂರೋರದ್ದೇ ದನಿ, ಇದೇ ಮಂಟಪದಾಗೆ ಹಾಡಿದ್ದು. ನಿಲ್ಲಲೇ ಇಲ್ಲ."

ಅದೇ ಕ್ಷಣಕ್ಕೆ ನೆಟ್‌ವರ್ಕ್ ಹೋಯಿತು. ಫೋನಿನ ಪರದೆಯ ಮೇಲೆ ಒಂದು ಚಕ್ರ ತಿರುಗತೊಡಗಿತು. ಮಂಟಪ ಗಪ್ಪಾಯಿತು. ಜಗಲಿಯ ಹೆಂಗಸೊಬ್ಬಳು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಮತ್ತೆ ಹಾಡು ಬಂತು.

"ಈಗ?" ಎಂದೆ.

"ಅದು ಟವರಿನ ದೋಷ," ಎಂದರು ಭಾವ. ಅವರ ಮುಖವೂ ಕೆಂಪಾಗಿತ್ತು. "ಅಷ್ಟು ಸಿಟ್ಟಿದ್ರೆ ನೀನೇ ಬಂದ್ ಮಾಡು. ನಿನ್ನ ಡಬ್ಬಿ, ನಿನ್ನ ಕೈಯಾಗೇ ಅದೆ. ನಾಮ ನಿಲ್ಸಿದ್ದು ಯಾರು ಕೇಳಿದ್ರೆ ನಿನ್ನ ಹೆಸ್ರು ಹೇಳ್ತೆ."

ನಿಜ, ನನ್ನ ಕಿಸೆಯ ಫೋನಿನಿಂದಲೇ ರೇಡಿಯೋ ನಿಲ್ಲಿಸಬಹುದಿತ್ತು. ತೆಗೆದೆ. ಬೆರಳನ್ನು ಅಲ್ಲಿಗೆ ಒಯ್ದೆ. ಒತ್ತಲಾಗಲಿಲ್ಲ. ಅದು ಸುಳ್ಳು ಎಂಬುದರಲ್ಲಿ ನನಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಆದರೆ ಸುಳ್ಳನ್ನು ನಿಲ್ಲಿಸಿದ ಮೇಲೆ ಆ ಜಾಗದಲ್ಲಿ ಇಡಲು ನನ್ನ ಹತ್ತಿರ ಏನಿತ್ತು? ನಾನು ಕೇಳುವವನು. ಜೀವಮಾನದಲ್ಲಿ ನಾಲ್ಕು ಜನರ ಎದುರು ಒಂದು ಸಾಲು ಹಾಡಿದವನಲ್ಲ.

ಗೋಡೆಯ ಮೊಳೆಗೆ ತಾಳಗಳು ತೂಗುತ್ತಿದ್ದವು. ಒಂದು ಜೊತೆ ಎಳೆದುಕೊಂಡೆ. ಗ್ರೀಸಿನ ಬೆರಳಿಗೆ ದಾರ ಜಾರುತ್ತಿತ್ತು. ಫೋನಿನ ತಾಳಕ್ಕೆ ಸರಿಯಾಗಿ ನನ್ನದನ್ನು ಸೇರಿಸಿ, ದೀಪದ ಸುತ್ತ ಹೆಜ್ಜೆ ಹಾಕಿ, ಬಾಯಿ ತೆರೆದೆ. ಶ್ರುತಿ ಎಲ್ಲಿಯೋ, ನಾನು ಎಲ್ಲಿಯೋ. ಆ ಹೊತ್ತು ನನ್ನ ಕಿವಿಯೇ ನನಗೆ ಶತ್ರು. ತಪ್ಪುವ ಒಂದೊಂದು ಸ್ವರವನ್ನೂ ಅದು ಹೆಸರಿಟ್ಟು ತೋರಿಸುತ್ತಿತ್ತು. ಮೊದಲ ಸಾಲು ಮುಗಿಯಿತು. ಅದನ್ನು ತಿರುಗಿ ಹೇಳುವ ಗುಂಪಿಲ್ಲ. ನಾನೇ ತಿರುಗಿ ಹೇಳಿಕೊಂಡೆ. ಎರಡನೆಯ ಸಾಲಿಗೆ ಜಗಲಿಯಿಂದ ಅಕ್ಕನ ದನಿ ಬಂತು. ಹೆಂಗಸರು ಪಹರೆಗೆ ನಿಲ್ಲುವ ಪದ್ಧತಿ ಅಲ್ಲಿಲ್ಲ. ಅವಳು ನಿಲ್ಲಲಿಲ್ಲ, ಕೂತಲ್ಲಿಂದಲೇ ಹೇಳಿದಳು. ಆಮೇಲೆ ಉಳಿದ ನಾಲ್ವರೂ. ಪೇಟೆಯಲ್ಲಿ ಕೂಗಿ ಕೂಗಿ ಗಟ್ಟಿಯಾದ ದನಿಗಳು. ಫೋನು ಅವುಗಳ ಕೆಳಗೆ ಮುಳುಗಿಹೋಯಿತು.

"ಭಾವ, ಈಗ ಅದನ್ನ ಕಡಿಮೆ ಮಾಡಿ," ಎಂದೆ ಸಾಲಿನ ನಡುವೆಯೇ.

ಬಲೆ ಬದಿಗಿಟ್ಟು ಬಂದರು. ಮಣೆಯ ಮುಂದೆ ಬಗ್ಗಿ ಸದ್ದನ್ನು ಸ್ವಲ್ಪ ಸ್ವಲ್ಪವೇ ಇಳಿಸಿದರು, ಪೂರ್ತಿ ನಿಲ್ಲುವವರೆಗೆ. ಬಳಿಕ ತಾವೂ ಒಂದು ತಾಳ ಹಿಡಿದರು. ಐದಕ್ಕೆ ಮುಂದಿನ ಗುಂಪು ಬಾರಿಸುತ್ತಾ ಒಳಗೆ ಬಂತು. ನಾನು ಕೈ ಬಿಟ್ಟಾಗ ಗಂಟಲಿನಿಂದ ಗಾಳಿ ಮಾತ್ರ ಹೊರಡುತ್ತಿತ್ತು.

ಉಳಿದ ಮೂರು ಮಧ್ಯಾಹ್ನವೂ ಅಂಗಡಿಗೆ ಬಾಗಿಲು ಹಾಕಿ ಹೋದೆ. ದೋಣಿಯವರು ನನ್ನ ವಂಶವನ್ನೆಲ್ಲ ನೆನೆದರು. ಅದು ನನಗೆ ಬೇಸರವಿಲ್ಲ. ಸಿಟ್ಟು ಬಂದದ್ದು ಕೊನೆಯ ದಿನ. ಪ್ರಸಾದದ ಹೊತ್ತಿಗೆ ಭಾವ ಮೈಕು ಹಿಡಿದು, ಈ ವರ್ಷವೂ ಏಳು ದಿನ ನಾಮ ಒಂದು ಕ್ಷಣವೂ ಮುರಿಯದೆ ನಡೆಯಿತು, ಇದಕ್ಕೆ ನೆರವಾದ ರೇಡಿಯೋದವರಿಗೆ ಧನ್ಯವಾದ ಎಂದರು. ಜನ ಚಪ್ಪಾಳೆ ತಟ್ಟಿದರು. ನಾನು ಎದ್ದು ನಿಂತೆ.

"ಮುರಿದದೆ. ಎರಡು ಮಧ್ಯಾಹ್ನ ಪೂರಾ, ಮೂರನೇದು ಅರ್ಧ. ಹೇಳೂದಾದ್ರೆ ಅದನ್ನೂ ಹೇಳಿ. ಆಮೇಲೆ ನಾಮ ಹಿಡಿದು ನಡೆಸಿದ್ದು ಹೆಂಗಸ್ರು, ಅದನ್ನೂ ಹೇಳಿ."

ಸಮುದ್ರಕ್ಕೆ ಹೋದ ಗುಂಪಿನವರು ತಮ್ಮ ಕಾಲುಬೆರಳು ನೋಡಿಕೊಂಡರು. ಭಾವ ಮೈಕು ಕೆಳಗಿಟ್ಟು ಪ್ರಸಾದ ಹಂಚಲು ಹೋದರು. ಒಂದು ವಾರದಲ್ಲಿ ದೇವಸ್ಥಾನದ ಹಲಗೆಯ ಮೇಲೆ ಹಿಂದಿನ ವರ್ಷಗಳ ಕೆಳಗೆ ಆ ವರ್ಷವನ್ನೂ ಬರೆಸಿದರು: ಅಖಂಡ ಸಪ್ತಾಹ. ಅದೇ ಬಣ್ಣ, ಅದೇ ಅಕ್ಷರ.

ಹಲಗೆ ಅವರದ್ದು. ರೇಡಿಯೋ ನನ್ನದು. ಕಂಬದ ಬುಡದಲ್ಲಿದ್ದ ಯಂತ್ರ ಆ ನಾಲ್ಕನೆಯ ದಿನದ್ದನ್ನೆಲ್ಲ ಹಿಡಿದಿತ್ತು. ಜಗಳವನ್ನು ತೆಗೆದೆ, ಮನೆಯ ಮಾತು ಮನೆಯಲ್ಲಿರಲಿ. ಉಳಿದದ್ದನ್ನು ಹಾಗೆಯೇ ಹಾಕಿದೆ: ನೆಟ್‌ವರ್ಕ್ ಹೋದಾಗಿನ ಮೌನ, ನನ್ನ ಕೆಟ್ಟ ಸ್ವರ, ಹೆಂಗಸರ ದನಿ, ಕೆಳಗೆ ಸೋತು ಸೋತು ಇಳಿಯುವ ಫೋನು. ಮೊದಲಿಗೆ ಹೇಳಿದೆ: ಈ ವರ್ಷ ಇಲ್ಲಿ ನಾಮ ಮುರಿದಿತ್ತು, ಮತ್ತೆ ಹಿಡಿದ ಜಾಗ ಇದು.

ಭಾವ ಆವತ್ತೇ ಫೋನ್ ಮಾಡಿದರು. "ಅದನ್ನ ತೆಗಿ."

"ತೆಗಿಯೂದಿಲ್ಲ."

"ಸಂಬಂಧ ನೋಡು."

"ನೋಡೇ ಹೇಳ್ತೆ ಭಾವ."

ಅವರು ಫೋನ್ ಇಟ್ಟರು. ಸ್ವಲ್ಪ ಹೊತ್ತಿಗೆ ಅಕ್ಕನ ಫೋನು. ಅವಳೂ ಬೈಯುತ್ತಾಳೆಂದು ಕಾದೆ.

"ನಿನ್ನ ಸ್ವರ ಇಷ್ಟು ಕೆಟ್ಟದ್ದು ಹೇಳಿ ಲೋಕಕ್ಕೆಲ್ಲಾ ಕೇಳಿಸ್ಬೇಕಾ ಮಾರಾಯಾ?"

"ಕೇಳಿಸ್ಬೇಕು."

"ಹೌದು," ಎಂದಳು. ಹಿಂದೆ ಯಾರೋ ಹೆಂಗಸರ ಮಾತು ಕೇಳುತ್ತಿತ್ತು. "ಇವ್ರು ನಾಲ್ವರೂ ಇಲ್ಲೇ ಕೂತವ್ರೆ. ನಮ್ಮದು ಬಂದ ಜಾಗ ಇನ್ನೊಂದ್ಸಲ ಹಾಕು. ಸ್ವಲ್ಪ ದೊಡ್ಡಕ್ಕೆ."