ಅವ್ವನ ಬೋಳು ಹಣೆ

ಅವ್ವನ ಮುಖ ನನ್ನ ಹತ್ತಿರ ಉಳಿದಿರುವುದು ಒಂದೇ ಕಡೆ, ಒಬ್ಬ ಜಪಾನಿ ಬರೆದ ಚಿತ್ರದಲ್ಲಿ. ಫೋಟೋ ಅಂತ ಅವಳು ಒಂದೂ ತೆಗೆಸಿಕೊಂಡವಳಲ್ಲ. ಆ ಚಿತ್ರದ ಹಣೆಯ ಮೇಲೆ ರೂಪಾಯಿ ಅಗಲದ ಕೆಂಪು ಕಲೆ ಇದೆ. ಅದು ಒಂದು ಹುಬ್ಬನ್ನೂ ನುಂಗಿದೆ. ನೋಡಿದಾಗಲೆಲ್ಲ ಇವತ್ತಿಗೂ ಹಲ್ಲು ಕಡಿಯುವಷ್ಟು ಸಿಟ್ಟು ಬರುತ್ತದೆ.

ಆಗ ನಮ್ಮ ಕೊಳ್ಳೇಗಾಲ ಮದರಾಸಿಗೆ ಸೇರಿತ್ತು, ಯಳಂದೂರು ಮೈಸೂರಿಗೆ. ಬಿ.ಎ. ಮುಗಿಸಿದ ನಾನು ನಾಲ್ಕು ತತ್ವಶಾಸ್ತ್ರದ ಪುಸ್ತಕ ಓದಿದ ಕೊಬ್ಬಿನಲ್ಲಿ ಮನೆಗೆ ಬಂದು ಕೂತಿದ್ದೆ. ರೇಷ್ಮೆ ನೋಡಲು ಬಂದ ಜಪಾನಿ ತಜ್ಞರೊಬ್ಬರ ಜೊತೆ ಅವರ ತಮ್ಮನೂ ಬಂದರು. ಅವರು ಪ್ಯಾರಿಸ್ಸಿನಲ್ಲಿ ಕಲಿತ ಚಿತ್ರಕಾರ. ಇಂಗ್ಲಿಷ್ ಬಲ್ಲವನೆಂದು ಅವರನ್ನು ಯಳಂದೂರಿನಿಂದ ಕರೆತರುವ ಕೆಲಸ ನನಗೆ ಬಿತ್ತು. ನಮ್ಮ ಕಡೆ ಪಾನನಿಷೇಧ. ಗಡಿಯ ಗೇಟಿನವನು ಅವರ ಬಣ್ಣ ಕಲಸುವ ಟರ್ಪೆಂಟೈನ್ ಸೀಸೆಯನ್ನು ಹೆಂಡವೆಂದು ಹಿಡಿದು ಮೂಸಿ, "ಇದ್ನ ಕುಡುದ್ರೆ ಮನ್ಸ ಉಳಿದಾನಾ ಸಾ?" ಅಂದು ಮುಖ ಸಿಂಡರಿಸಿ ವಾಪಸು ಕೊಟ್ಟ.

ನಮ್ಮ ಹಿತ್ತಲ ಚಪ್ಪರದಲ್ಲಿ ಅವ್ವ ರೇಷ್ಮೆಗೂಡು ಬೇಯಿಸಿ ನೂಲು ತೆಗೆಯುತ್ತಿದ್ದಳು. ಚಿತ್ರಕಾರರು ಅವಳೆದುರು ಮಣೆ ಹಾಕಿಕೊಂಡು ಎರಡು ದಿನ ಕೂತರು. ಕೆನ್ನೆ, ಗಲ್ಲ, ಕಣ್ಣುಗಳಿಗೆ ಎಣ್ಣೆಬಣ್ಣ ತೆಳುವಾಗಿ ಹಚ್ಚಿ ಯೂರೋಪಿನವರ ಹಾಗೆ ನೆರಳು ಬೆಳಕು ಕೊಟ್ಟರು. ಚರಕ, ಕೈ, ನೂಲಿನ ಎಳೆಗೆಲ್ಲ ಕರಿಮಸಿಯ ಒಂದೊಂದೇ ಗೀರು. ಹಣೆಯಿಂದ ಮೇಲಕ್ಕೆ ಏನೂ ಇಲ್ಲ, ಬರೀ ಕಾಗದ.

ಚಿತ್ರವನ್ನು ನಮಗೇ ಕೊಟ್ಟರು. ಅಪ್ಪ ನೋಡಿದವನೇ ಕೆಂಡವಾದ.

"ಲೇ, ನಾನಿನ್ನೂ ಬದ್ಕಿವ್ನಿ ಕಣ್ಲಾ! ನಿಮ್ಮವ್ವನ ಅಣೆ ಯಾಕ್ಲಾ ಬೋಳಾಗದೆ? ಕೇಳ್ಲಾ ಅವರ್ನ."

ಕೇಳಿದೆ. ಅವರು ಗೂಡು ಬೇಯುವ ಪಾತ್ರೆ ತೋರಿಸಿ ಹೇಳಿದರು: ಅಲ್ಲಿ ಹಬೆ ಇತ್ತು, ನಿಮ್ಮ ತಾಯಿ ಬೆವರು ಒರೆಸಿಕೊಂಡೇ ಇದ್ದರು, ಕುಂಕುಮ ನನಗೆ ಕಾಣಲೇ ಇಲ್ಲ, ನಾವು ಹಬೆಯನ್ನು ಬರೆಯುವುದಿಲ್ಲ, ಅಲ್ಲಿ ಕಾಗದವನ್ನು ಖಾಲಿ ಬಿಡುತ್ತೇವೆ.

"ಏನಂತಾರ್ಲಾ?"

"ಅದು ದೊಡ್ಡ ಕಲೆ ಕಣಪ್ಪ. ನಿಂಗೆ ಅರ್ಥ ಆಗಲ್ಲ ಬುಡು," ಅಂದೆ.

ಅವ್ವ ಸೆರಗಿನಿಂದ ಹಣೆ ಮುಟ್ಟಿಕೊಂಡು ಒಳಗೆ ಹೋದಳು.

ಮರುದಿನ ಬೆಳಿಗ್ಗೆ ಅಪ್ಪ ಕುಂಕುಮಕ್ಕೆ ಹರಳೆಣ್ಣೆ ಕಲಸಿ, ಹೆಬ್ಬೆರಳಿನಿಂದ ಚಿತ್ರಕ್ಕೆ ಒತ್ತಿದ. ಆ ಹೆಬ್ಬೆರಳು, ಅದರ ಸೀಳಿದ ಉಗುರು, ಎಲ್ಲ ಕಣ್ಣಿಗೆ ಕಟ್ಟಿದೆ. ಆದರೆ ಅದನ್ನು ನಾನು ನೋಡಿರಲು ಸಾಧ್ಯವೇ ಇಲ್ಲ. ಆ ಬೆಳಿಗ್ಗೆ ಮೊದಲ ಬಸ್ಸಿಗೆ ಚಿತ್ರಕಾರರ ಜೊತೆ ಮೈಸೂರಿಗೆ ಹೊರಟವನು ತಿರುಗಿ ಬಂದದ್ದು ಮೂರು ದಿನ ಬಿಟ್ಟು. ಅಷ್ಟರಲ್ಲಿ ಎಣ್ಣೆ ಬರಿ ಕಾಗದಕ್ಕೆ ಇಳಿದು ಹರಡಿತ್ತು. ಕಾಣದ್ದನ್ನು ಕಂಡೆನೆಂದು ಇಷ್ಟು ವರ್ಷ ನಂಬಿಕೊಂಡು ಬಂದೆ! ಸಾಕ್ಷಿ ಇಲ್ಲದೆ ದೇವರನ್ನೂ ಒಪ್ಪುವುದಿಲ್ಲ ಎಂದು ಜಂಬ ಕೊಚ್ಚಿದವನು ನಾನು.

ಬಂದವನೇ ಅಪ್ಪನ ಮೇಲೆ ಹರಿಹಾಯ್ದೆ. "ಕಾಡುಮನುಷ್ಯ" ಅಂದೆ.

ಅಪ್ಪ ಒಂದು ಗಳಿಗೆ ಅವ್ವನ ಕಡೆ ನೋಡಿದ. ಆಮೇಲೆ, "ಊ ಕಣ್ಲಾ, ನಾನೇ ಇಟ್ಟೆ. ಏನೀಗ? ನನ್ನ ಎಡ್ತಿ ಅಣೆ," ಅಂದ.

ಅವನು ಅವ್ವನ ಕಡೆ ನೋಡಿದ್ದು ನಿಜವೋ, ಈಗ ನಾನು ಸೇರಿಸಿಕೊಂಡದ್ದೋ, ಗೊತ್ತಿಲ್ಲ. ಅವತ್ತಿನಿಂದ ಅವನು ಸಾಯುವವರೆಗೆ ಅವನ ಜೊತೆ ಬೇಕಾದಷ್ಟೇ ಮಾತಾಡಿದೆ. ಅವನಿಗಿಂತ ಮುಂಚೆ ಅವ್ವ ಹೋದಳು, ಮುತ್ತೈದೆಯಾಗಿ.

ಅಪ್ಪನ ತಿಥಿಗೆ ಬಂಡಳ್ಳಿಯಿಂದ ಬಂದ ಅತ್ತೆ, ಅಪ್ಪನ ತಂಗಿ, ಗೋಡೆಯ ಚಿತ್ರ ನೋಡಿ ನಕ್ಕಳು.

"ಅತ್ಗೆ ಈ ಕುಂಕ್ಮ ಇಡೋವಾಗ ನಾನಿಲ್ಲೇ ಇದ್ದೆ. 'ನನ್ನ ಅಣೆ ಬೋಳ್ ಮಡಗಿದ್ರೆ ಅವ್ರಿಗೇನಾರ ಆಯ್ತದೆ' ಅಂತಿದ್ಲು, ಪಾಪ."

"ಮತ್ತೆ ಅಪ್ಪ ತಾನೇ ಇಟ್ಟದ್ದು ಅಂದನಲ್ಲ?"

"ನೀ ಅವಳ್ನ ಬೈತೀಯೆ ಅಂತ ಅಂದಾನು. ನಿನ್ನ ಬಾಯಿ ಏನ್ ಸಣ್ಣದಾ?"

ಅತ್ತೆಗೂ ವಯಸ್ಸಾಗಿದೆ. ಅವಳ ನೆನಪು ನನ್ನದಕ್ಕಿಂತ ಗಟ್ಟಿ ಎಂದು ನಂಬಲು ಏನಾಧಾರ? ಚಿತ್ರವನ್ನು ಬೆಳಕಿಗೆ ಹಿಡಿದು ಆ ಕೆಂಪು ಕಲೆಯನ್ನು ನೋಡಿದೆ. ಎಣ್ಣೆ ಹರಡಿ ಬೆರಳಿನ ಗುರುತೇ ಇಲ್ಲ. ಅಪ್ಪನ ಹೆಬ್ಬೆರಳೋ, ಅವ್ವನ ಉಂಗುರದ ಬೆರಳೋ, ಹೇಳಲಾಗದು.

ಅಪ್ಪ ಸುಳ್ಳು ಹೇಳಿದ್ದರೆ ಆ ಸುಳ್ಳಿನ ಮೇಲೆ ಸಿಟ್ಟು. ಪಕ್ಕದಲ್ಲೇ ನಿಂತು ಸುಮ್ಮನಿದ್ದ ಅವ್ವನ ಮೇಲೂ ಸಿಟ್ಟು. ಆದರೆ ಎಲ್ಲ ನೆನಪನ್ನು ಅನುಮಾನಿಸಿದರೂ ಒಂದನ್ನು ಅನುಮಾನಿಸಲು ಆಗುತ್ತಿಲ್ಲ. ಆ ಜಪಾನಿ ಹೇಳಿದ್ದು ನನಗೆ ಅರ್ಥವಾಗಿತ್ತು. ದೊಡ್ಡ ಕಲೆ ಅನ್ನುವ ಮಾತೇ ಬೇಕಿರಲಿಲ್ಲ. "ಅದು ಹಬೆ ಕಣವ್ವ" ಅಂದಿದ್ದರೆ ಸಾಕಿತ್ತು. ದಿನವೆಲ್ಲ ಆ ಹಬೆಯಲ್ಲೇ ಕೂತವಳು ಅವಳು. ನಮ್ಮೆಲ್ಲರಿಗಿಂತ ಮೊದಲು ಅವಳಿಗೇ ತಿಳಿಯುತ್ತಿತ್ತು.