ನಾನು ಒತ್ತಿದ ಕೆಂಪು ಹೃದಯಗಳು

ಎರಡು ವರ್ಷದ ಹಿಂದೆ, ದೀಪಾವಳಿಗೆ ಇನ್ನು ಎಂಟು ದಿನ ಇದ್ದಾಗ ಶುರುವಾದದ್ದು ಇದು. ನಾನು ಜಯನಗರ ನಾಲ್ಕನೇ ಬ್ಲಾಕಿನ ಒಂದು ಟೈಲರ್ ಅಂಗಡಿಯಲ್ಲಿ ಸೀರೆಗೆ ಫಾಲ್ಸ್ ಹಾಕುವ ಕೆಲಸ ಮಾಡುತ್ತೇನೆ. ಹಬ್ಬದ ಹಿಂದಿನ ವಾರ ನಮಗೆ ತಲೆ ಎತ್ತಲು ಪುರುಸೊತ್ತಿರುವುದಿಲ್ಲ. ಆದರೂ ಆ ಭಾನುವಾರ ನಾನು ಫೋನ್ ಹಿಡಿದು ಕೂತೆ. ಅದರಿಂದ ಆದದ್ದನ್ನು ಇದುವರೆಗೆ ಯಾರ ಹತ್ತಿರವೂ ಪೂರ್ತಿ ಹೇಳಿಲ್ಲ.

ನನ್ನ ತಮ್ಮ ಮಂಜು ಫುಟ್‌ಬಾಲ್ ಆಟಗಾರ. ಆಟವೇ ಅವನ ಉದ್ಯೋಗ. ಆಗ ನಮ್ಮ ಊರಿನದೇ ಒಂದು ತಂಡದಲ್ಲಿ ಗೋಲು ಕಾಯುತ್ತಿದ್ದ. ಅವನಿಗಿಂತ ನಾನು ಹತ್ತು ವರ್ಷ ದೊಡ್ಡವಳು. ಅವನು ಹುಟ್ಟಿದ ಮೂರೇ ತಿಂಗಳಿಗೆ ಅಮ್ಮ ಮನೆಗೆಲಸಕ್ಕೆ ಹೋಗಬೇಕಾಯಿತು. ನಾನು ಐದನೇ ಕ್ಲಾಸಿಗೆ ಶಾಲೆ ಬಿಟ್ಟು ಅವನನ್ನು ಸೊಂಟಕ್ಕೆ ಎತ್ತಿಕೊಂಡೆ. ಈಗ ಅಮ್ಮ ಇಲ್ಲ. ನಾವಿಬ್ಬರೇ.

ಅವನು ಅರೆಕೆರೆಯಲ್ಲಿ ರೂಮು ಮಾಡಿಕೊಂಡಿದ್ದ. ಪ್ರತಿ ಸೋಮವಾರ ಸಂಜೆ ವಸಂತಪುರದ ನಮ್ಮ ಮನೆಗೆ ಊಟಕ್ಕೆ ಬರುತ್ತಿದ್ದ. ನನಗೆ ಆಟದ ತಲೆಬುಡ ಗೊತ್ತಿಲ್ಲ, ಹಾಗಾಗಿ ಕೇಳುತ್ತಿರಲಿಲ್ಲ. ಅದೇ ಅವನಿಗೆ ಹಿತವಾಗಿತ್ತು. "ಸ್ಕೋರ್ ಎಷ್ಟು ಅಂತ ಕೇಳದೇ ಇರೋ ಮನೆ ಇದೊಂದೇ ಅಕ್ಕ" ಅನ್ನುತ್ತಿದ್ದ.

ನನಗೆ ದೊಡ್ಡ ಫೋನ್ ಕೊಡಿಸಿದವನು ಅವನೇ. ಫೋಟೋ ನೋಡುವ ಆ್ಯಪ್ ಹಾಕಿ, ನಾವಿಬ್ಬರೂ ಇರುವ ಚಿತ್ರ ಇಟ್ಟು, 'ಮಂಜು ಅಕ್ಕ' ಎಂದು ಹೆಸರು ಕೊಟ್ಟ. ಇಷ್ಟವಾದರೆ ಈ ಹೃದಯ ಒತ್ತು, ಕೆಂಪಾಗುತ್ತೆ ಎಂದು ತೋರಿಸಿದ. ಇಂಗ್ಲಿಷ್ ಅಕ್ಷರ ಕಲಿ ಅಂತ ಒಂದು ಕಾಪಿ ಪುಸ್ತಕವನ್ನೂ ತಂದಿದ್ದ. ಅರ್ಧದವರೆಗೆ ತಿದ್ದಿದೆ, ಆಮೇಲೆ ಬಿಟ್ಟೆ. ಅವನು ಕೇಳಿದಾಗ ಮಾತ್ರ "ಎಲ್ಲ ಬರುತ್ತೆ" ಅಂದೆ. ಒಂದು ದಿನ ಅವನ ಬಗ್ಗೆ ಬಂದಿದ್ದ ಇಂಗ್ಲಿಷ್ ಪೇಪರ್ ನನ್ನ ಕೈಗೆ ಕೊಟ್ಟ. ಓದಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಅದನ್ನೇ ನೋಡುತ್ತಾ ಕೂತು, ಚೆನ್ನಾಗಿ ಬರೆದಿದ್ದಾರೆ ಎಂದೆ. ಅವನ ಮುಖ ಅರಳಿದ್ದನ್ನು ನೋಡಿ ನನಗೆ ಹೆಮ್ಮೆಯೇ ಆಯಿತು.

ಆ ಶನಿವಾರ ಮ್ಯಾಚ್ ಇತ್ತು. ಭಾನುವಾರ ಅಂಗಡಿಯಲ್ಲಿ ಊಟದ ಹೊತ್ತಿಗೆ ಅವರ ತಂಡದ ಪುಟ ತೆರೆದೆ. ಮಂಜು ಹುಲ್ಲಿನ ಮೇಲೆ ಮಂಡಿಯೂರಿ, ಗ್ಲೌಸ್ ಹಾಕಿದ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಿದ್ದ ಫೋಟೋ. ದೇವರಿಗೆ ಕೈ ಮುಗಿಯುತ್ತಿದ್ದಾನೆ ಅಂದುಕೊಂಡೆ. ಕೆಳಗೆ ಜನ ಬರೆದದ್ದು ನೂರಾರು. ಅಲ್ಲಿಯವರೆಗೆ ಅವನ ಯಾವ ಫೋಟೋಗೂ ಅಷ್ಟು ಮಂದಿ ಬರೆದಿರಲಿಲ್ಲ. ಎಲ್ಲ ಇಂಗ್ಲಿಷ್ ಅಕ್ಷರ. ಒಂದೊಂದರ ಪಕ್ಕವೂ ಚಿಕ್ಕ ಹೃದಯ. ನನ್ನ ತಮ್ಮನಿಗಾಗಿ ಇಷ್ಟು ಜನ ಬರೆದಿದ್ದಾರಲ್ಲ ಎಂದು ಒಂದೂ ಬಿಡದೆ ಒತ್ತಿದೆ. ಸಂಜೆ ಬಸ್ಸಿನಲ್ಲೂ ಒತ್ತುತ್ತಲೇ ಹೋದೆ.

ಸೋಮವಾರ ಮಂಜು ಬಂದ. ಶೂ ಬಿಚ್ಚದೆ ಬಾಗಿಲಲ್ಲೇ ನಿಂತ.

"ಅಕ್ಕ, ಆ ಫೋಟೋ ಕೆಳಗೆ ಬರ್ದಿರೋದೆಲ್ಲ ಓದಿದ್ಯಾ?"

"ಹೂಂ. ಒಂದೂ ಬಿಡ್ದೆ ಓದ್ದೆ."

"ಓದ್ಕೊಂಡೇ ಒತ್ತಿದ್ಯಾ?"

"ಮತ್ತೆ? ಅಷ್ಟು ಜನ ಕೂತು ಬರ್ದಿದಾರೆ. ಇರೋದನ್ನೇ ತಾನೇ ಬರ್ದಿರೋದು."

ಅವನು ಶೂ ಬಿಚ್ಚಿ ಊಟಕ್ಕೆ ಕೂತ. ಎರಡು ಮುದ್ದೆ ಉಣ್ಣುವವನು ಅರ್ಧ ಮುದ್ದೆಗೆ ಎದ್ದು ಕೈ ತೊಳೆದ. ಸುಸ್ತು ಅಂದ. ಹೊರಟುಬಿಟ್ಟ.

ಅವನ ಮುಖ ನಾನು ನೋಡಿದ್ದೆ. ಏನೋ ಆಗಿದೆ ಎಂದು ಅನ್ನಿಸಿತ್ತು ಕೂಡ. ಏನು ಬರೆದಿದ್ದರು ಎಂದು ಒಂದು ಮಾತು ಕೇಳಬಹುದಿತ್ತು. ಕೇಳಿದರೆ ನನಗೆ ಇಂಗ್ಲಿಷ್ ಓದಲು ಬರುವುದಿಲ್ಲ ಎಂದು ಒಪ್ಪಿಕೊಂಡ ಹಾಗಾಗುತ್ತಿತ್ತು. ಕೇಳಲಿಲ್ಲ.

ಮುಂದಿನ ಮೂರು ಸೋಮವಾರ ಅವನು ಬರಲಿಲ್ಲ. ದೀಪಾವಳಿಗೂ ಬರಲಿಲ್ಲ. ಫೋನ್ ಮಾಡಿದರೆ ಪ್ರಾಕ್ಟೀಸ್ ಇದೆ ಎಂದು ಇಟ್ಟುಬಿಡುತ್ತಿದ್ದ. ಕೊನೆಗೆ ಪಕ್ಕದ ಮಷೀನಿನ ಲತಾಗೆ ಫೋನ್ ಕೊಟ್ಟು, ಸ್ವಲ್ಪ ಓದಿ ಹೇಳು ಎಂದೆ. ಅವಳು ಪಿಯುಸಿ ಓದಿದವಳು. ಎರಡು ಸಾಲು ನೋಡಿದವಳೇ ಫೋನ್ ಕೆಳಗಿಟ್ಟಳು.

"ಇದು ಇಂಗ್ಲಿಷ್ ಅಲ್ಲ ಸರೋಜಕ್ಕ. ಕನ್ನಡಾನೇ. ಅಕ್ಷರ ಮಾತ್ರ ಇಂಗ್ಲಿಷು."

ಓದು ಎಂದೆ. ಬೇಡ ಎಂದಳು. ನಾನು ಬಿಡಲಿಲ್ಲ. ಆ ಮ್ಯಾಚಿನ ಕೊನೆಯ ನಿಮಿಷದಲ್ಲಿ ಚೆಂಡು ಮಂಜುವಿನ ಕೈಗೇ ಬಂದು, ಜಾರಿ, ಗೋಲಿನ ಒಳಗೆ ಹೋಗಿತ್ತಂತೆ. ತಂಡ ಸೋತಿತ್ತು. ಕೈಗೆ ಎಣ್ಣೆ ಹಚ್ಕೊಂಡ್ ಬಂದಿದ್ಯಾ ಗುರು ಎಂದು ಒಬ್ಬ. ಗ್ಲೌಸ್ ಬಿಚ್ಚಿಟ್ಟು ಬೋಂಡ ಕರಿ ಹೋಗು ಮಗಾ ಎಂದು ಇನ್ನೊಬ್ಬ. ಎಷ್ಟಕ್ಕೆ ಮಾರ್ಕೊಂಡೆ ಎಂದು ಮತ್ತೊಬ್ಬ. ಆಮೇಲೆ ಲತಾಳ ದನಿ ತಗ್ಗಿತು. 'ನೀನು ಇದ್ರೂ ಒಂದೇ, ಸತ್ರೂ ಒಂದೇ.' ಅದರ ಪಕ್ಕದಲ್ಲೂ ನನ್ನ ಕೆಂಪು ಹೃದಯ. ಬರೆದವನು ಅದರ ಚಿತ್ರ ತೆಗೆದು, ಇವನ ಅಕ್ಕಾನೇ ಒಪ್ಪಿದಾಳೆ ನೋಡ್ರಪ್ಪಾ ಎಂದು ಎಲ್ಲ ಕಡೆ ಹಂಚಿದ್ದ. ಅದಕ್ಕೆ ಸಾಲುಸಾಲು ನಗುವ ಮುಖಗಳು.

ಎಲ್ಲ ಕನ್ನಡವೇ. ಯಾರಾದರೂ ಬಾಯಿಬಿಟ್ಟು ಓದಿದ್ದರೆ ನನಗೆ ಒಂದೊಂದು ಮಾತೂ ತಿಳಿಯುತ್ತಿತ್ತು.

ಕೈಯಲ್ಲಿದ್ದ ಸೀರೆಯನ್ನು ಅರ್ಧಕ್ಕೇ ಬಿಟ್ಟು ಅರೆಕೆರೆಯ ಬಸ್ಸು ಹತ್ತಿದೆ. ಹಗಲು ಮೂರು ಗಂಟೆ. ಮಂಜು ಕರ್ಟನ್ ಎಳೆದುಕೊಂಡು ಕೂತಿದ್ದ. ಗ್ಲೌಸ್ ಕಿಟಕಿಗೆ ಕ್ಲಿಪ್ ಹಾಕಿ ನೇತುಹಾಕಿತ್ತು, ಒಣಗಿ ಬಿರುಸಾಗಿತ್ತು. ಈಗ ತನ್ನ ಬದಲು ಆಡುತ್ತಿರುವುದು ಇನ್ನೊಬ್ಬ ಎಂದ. ಮಂಜು ಬಿಟ್ಟ ಗೋಲಿನ ವಿಡಿಯೋವನ್ನು ಮೀಟಿಂಗಿನಲ್ಲಿ ಎಲ್ಲರ ಮುಂದೆ ನಾಲ್ಕು ಸಲ ಹಾಕಿ ತೋರಿಸಿದರಂತೆ. ಬಟ್ಟೆ ಬದಲಿಸುವ ಕೋಣೆಯಲ್ಲಿ ಹುಡುಗರು ಅವನನ್ನು ಕಂಡರೆ ಬೆರಳು ಜೋಡಿಸಿ ಹೃದಯ ಮಾಡಿ ತೋರಿಸುತ್ತಾರಂತೆ. ತಮಾಷೆಗೆ. ಅವನೂ ನಗುತ್ತಾನಂತೆ. ಪ್ರಾಕ್ಟೀಸಿನಲ್ಲಿ ಚೆಂಡು ಬರುವಾಗ ಕೈ ಮರಗಟ್ಟುತ್ತದೆ, ಇದನ್ನು ಯಾರಿಗೆ ಹೇಳಿದರೂ ಮುಂದಿನ ವರ್ಷ ಕರೆಯುವುದಿಲ್ಲ ಎಂದ.

"ಬೇರೆಯವ್ರು ಬೈದ್ರೆ ಅದು ಕೆಲಸದ ಜೊತೆಗೆ ಬರೋದು. ನಿನ್ನ ಹೆಸರು ನೋಡ್ದಾಗ, ಹಾಗಾದ್ರೆ ನಿಜಾನೇ ಇರ್ಬೇಕು ಅನ್ಸಿತು."

ನನಗೆ ಇಂಗ್ಲಿಷ್ ಅಕ್ಷರ ಓದಲು ಬರುವುದಿಲ್ಲ ಎಂದು ಹೇಳಿದೆ. ಅವನು ನಂಬಲಿಲ್ಲ.

"ಸಮಾಧಾನಕ್ಕೆ ಹೇಳ್ಬೇಡಕ್ಕ. ಪೇಪರ್ ಓದಿದ್ಯಲ್ಲ."

"ಓದಿರ್ಲಿಲ್ಲ ಮಂಜು. ಸುಮ್ನೆ ನೋಡ್ತಾ ಕೂತಿದ್ದೆ."

ಬರುತ್ತದೆ ಎಂದು ಸುಳ್ಳು ಹೇಳಿ ನಂಬಿಸುವುದು ನನಗೆ ಸುಲಭವಾಗಿತ್ತು. ಬರುವುದಿಲ್ಲ ಎಂದು ತೋರಿಸುವುದು ಹೇಗೆ? ಅವನು ಫೋನ್ ಮುಂದೆ ಹಿಡಿದು ಒಂದು ಸಾಲು ಓದು ಎಂದ. ಬೆರಳಿಟ್ಟು ಒಂದೊಂದೇ ಅಕ್ಷರದ ಹೆಸರು ಹೇಳಿದೆ. ಕೆಲವು ಗೊತ್ತಾಗಲಿಲ್ಲ. ಗೊತ್ತಾದವನ್ನು ಕೂಡಿಸಲು ಆಗಲಿಲ್ಲ. ಅವನು ಪರದೆ ನೋಡುತ್ತಿರಲಿಲ್ಲ, ನನ್ನ ಬೆರಳನ್ನು ನೋಡುತ್ತಿದ್ದ. ಆಮೇಲೆ ಫೋನ್ ಹಿಂದಕ್ಕೆ ತೆಗೆದುಕೊಂಡ.

"ಆವತ್ತೇ ಹೇಳಿದ್ರೆ ಇಬ್ರೂ ನಕ್ಕುಬಿಡ್ತಿದ್ವಲ್ಲಕ್ಕ."

ಆದರೆ ನಾವು ನಗಲಿಲ್ಲ. ಬಸ್ ಸ್ಟಾಪಿನವರೆಗೆ ಬಂದು ನನ್ನನ್ನು ಹತ್ತಿಸಿ ಹೋದ.

ಆ ವರ್ಷದ ಆಟಗಳು ಮುಗಿದ ಮೇಲೆ ನಮ್ಮ ಊರಿನ ತಂಡ ಅವನನ್ನು ಇಟ್ಟುಕೊಳ್ಳಲಿಲ್ಲ. ಈಗ ಕೇರಳದ ಒಂದು ತಂಡದಲ್ಲಿದ್ದಾನೆ. ಕೆಲವು ಮ್ಯಾಚ್ ಆಡಿಸುತ್ತಾರೆ, ಕೆಲವಕ್ಕೆ ಹೊರಗೆ ಕೂರಿಸುತ್ತಾರೆ. ಸೋಮವಾರ ಫೋನ್ ಮಾಡುತ್ತಾನೆ, ಎರಡು ನಿಮಿಷ. ನಾನು ಸ್ಕೋರ್ ಕೇಳುವುದಿಲ್ಲ. ಹಾಗೆ ಕೇಳದ ಮನೆ ಇದೊಂದೇ ಎಂದು ಅವನೂ ಈಗ ಹೇಳುವುದಿಲ್ಲ. ಕೈ ಮರಗಟ್ಟುವುದು ಹೋಯಿತಾ ಎಂದರೆ ಹೂಂ ಎನ್ನುತ್ತಾನೆ. ನಾನು ಅವತ್ತು ಅಂದ ಹೂಂ ನೆನಪಾಗುತ್ತದೆ.

ಓದು ಬಾರದ್ದು ನಿಮ್ಮ ತಪ್ಪಲ್ಲ ಎಂದು ಲತಾ ಹೇಳುತ್ತಾಳೆ. ಅದು ನನಗೂ ಗೊತ್ತು. ಓದಿದೆ ಅಂದದ್ದು ನನ್ನ ತಪ್ಪು. ಊಟದ ಹೊತ್ತಿನಲ್ಲಿ ಅವಳ ಹತ್ತಿರ ಕೂತು, ಹಳೆಯ ಕಾಪಿ ಪುಸ್ತಕದಲ್ಲಿ ಬಿಟ್ಟಿದ್ದ ಅಕ್ಷರದಿಂದಲೇ ಶುರು ಮಾಡಿದೆ. ಏಳು ತಿಂಗಳು ಹಿಡಿಯಿತು. ಈಗ ಮಂಜುವಿನ ಫೋಟೋ ಬಂದರೆ ಮೊದಲು ಕೆಳಗಿನದನ್ನು ಓದುತ್ತೇನೆ, ಬೈಗುಳವನ್ನೂ ಬಿಡುವುದಿಲ್ಲ. ಹೃದಯ ಒತ್ತುವುದಿಲ್ಲ.

ಹೋದ ತಿಂಗಳು ಅವನ ತಂಡ ಸೋತ ದಿನ ಅವನ ಫೋಟೋ ಕೆಳಗೆ ನಾನೇ ಒಂದು ಸಾಲು ಬರೆದೆ. ಇಂಗ್ಲಿಷ್ ಅಕ್ಷರದಲ್ಲಿ, 'ಊಟ ಆಯ್ತಾ ಮಂಜು'. ಅಷ್ಟಕ್ಕೇ ಅರ್ಧ ಗಂಟೆ ಆಯಿತು. ಅದಕ್ಕೆ ಮೂರು ಹೃದಯ ಬಿದ್ದಿವೆ. ಮೂರೂ ಹೆಸರನ್ನು ಕೂಡಿಸಿ ಕೂಡಿಸಿ ಓದಿದ್ದೇನೆ. ಯಾವುದೂ ಅವನದಲ್ಲ.