ಫುಟ್‌ಬಾಲ್ ಬ್ಲ್ಯಾಡರಿನಲ್ಲಿ ಆಮ್ಲಜನಕ

ಯುದ್ಧದ ಕಾಲ. ಪುಣೆಯ ಕಾಲೇಜೊಂದರಲ್ಲಿ ನಾನು ರಸಾಯನಶಾಸ್ತ್ರದ ಪಾಠ ಹೇಳುತ್ತಿದ್ದೆ. ಶನಿವಾರ ಪೇಟೆಯ ವಾಡೆಯೊಂದರ ಮಾಳಿಗೆಯ ಕೋಣೆಯಲ್ಲಿ ನನ್ನ ಹೆಂಡತಿ ನ್ಯುಮೋನಿಯಾದಿಂದ ಮಲಗಿದ್ದಳು. ಆಮ್ಲಜನಕ ಕೊಟ್ಟರೆ ಉಳಿದಾಳು, ಆದರೆ ಸಿಲಿಂಡರುಗಳೆಲ್ಲ ಮಿಲಿಟರಿ ಆಸ್ಪತ್ರೆಗೆ ಹೋಗುತ್ತಿವೆ, ನಾನೇನು ಮಾಡಲಿ ಎಂದು ಡಾಕ್ಟರು ಮರಾಠಿಯಲ್ಲಿ ಹೇಳಿ ಚಪ್ಪಲಿ ಮೆಟ್ಟಿದರು. ಆಮ್ಲಜನಕ ತಯಾರಿಸುವುದನ್ನು ವರ್ಷವರ್ಷವೂ ಹುಡುಗರಿಗೆ ಕಲಿಸುವವನು ನಾನು. ನನ್ನ ಮನೆಯಲ್ಲೇ ಅದಕ್ಕೆ ಬರ ಎಂದರೆ ಸಿಟ್ಟು ಬಾರದೆ ಇರುತ್ತದೆಯೇ?

ಮರುದಿನ ಪಾಠ ಮುಗಿದ ಮೇಲೆ ಪ್ರಯೋಗಶಾಲೆಯಲ್ಲಿ ಉಳಿದೆ. ಕಪಾಟಿನಲ್ಲಿದ್ದ ಪೊಟ್ಯಾಸಿಯಂ ಕ್ಲೋರೇಟ್ ಅಷ್ಟನ್ನೂ ಕಾಸಿದೆ. ಹೊರಟ ಅನಿಲವನ್ನು ನೀರು ತುಂಬಿ ಬೋರಲು ಹಾಕಿದ ಜಾಡಿಯಲ್ಲಿ ನೀರಿನ ಮೇಲೆ ಹಿಡಿದು, ತೊಳೆದ ಫುಟ್‌ಬಾಲ್ ಬ್ಲ್ಯಾಡರಿಗೆ, ಅಂದರೆ ಚೆಂಡಿನೊಳಗಿನ ರಬ್ಬರ್ ಚೀಲಕ್ಕೆ, ತುಂಬಿದೆ. ಎಲ್ಲಕ್ಕೂ ಲೆಕ್ಕ ಹಾಕುವ ಹಾಳು ಚಟ ನನ್ನದು. ನೀರಿನ ಮೇಲೆ ಹಿಡಿದ ಅನಿಲದಲ್ಲಿ ನೀರಾವಿಯೂ ಸೇರಿರುತ್ತದೆ. ಒಟ್ಟು ಒತ್ತಡದಲ್ಲಿ ಅದರ ಪಾಲು ಕಳೆದರೆ ಉಳಿದದ್ದು ಆಮ್ಲಜನಕದ ಪಾಲು. ಪುಣೆ ಎತ್ತರದ ಊರು, ಒಟ್ಟು ಒತ್ತಡವೇ ಕಡಿಮೆ. ಕಳೆದೆ, ಗುಣಿಸಿದೆ, ಅವಳ ಏದುಸಿರಿನ ಲೆಕ್ಕದಿಂದ ಭಾಗಿಸಿದೆ. ಒಂದು ನಿಮಿಷಕ್ಕೂ ಸಾಲುತ್ತಿರಲಿಲ್ಲ. ಬೆಟ್ಟ ಅಗೆದು ಇಲಿ ಹಿಡಿದಿದ್ದೆ. ಎಲ್ಲಾದರೂ ತಪ್ಪು ಸಿಗಲಿ ಎಂದು ಮತ್ತೆ ಲೆಕ್ಕ ಮಾಡಿದೆ. ಸಿಗಲಿಲ್ಲ.

ಆದರೂ ಬ್ಲ್ಯಾಡರಿನ ಬಾಯಿಗೆ ದಾರ ಬಿಗಿದು, ಶಾಲಿನಲ್ಲಿ ಸುತ್ತಿ, ಟಾಂಗಾ ಮಾಡಿಕೊಂಡು ಮನೆಗೆ ತಂದೆ. ಶಾಲಿನೊಳಗಿನ ಗುಂಡು ಆಕಾರ ನೋಡಿ, ಮ್ಯಾಚು ಗೆದ್ದಿರೇನು ಎಂದು ಟಾಂಗಾದವನು ಮರಾಠಿಯಲ್ಲಿ ಕೇಳಿದ. ಹೂಂ ಎಂದೆ.

“ಏನ್ರಿ ಅದು?” ಎಂದಳು ಹೆಂಡತಿ.

“ಔಷಧದ ಗಾಳಿ. ಇದನ್ನ ತಗೊಂಡ್ರ ಉಸರು ಹಗೂರ ಆಗ್ತದ.”

“ಎಷ್ಟ ಹೊತ್ತು ಬರ್ತದ್ರಿ?”

ನನಗೆ ಸುಳ್ಳು ಹೊಳೆಯಲಿಲ್ಲ. “ಸ್ವಲ್ಪ ಹೊತ್ತು,” ಎಂದೆ.

“ಹಂಗಾದ್ರ ಈಗ ಬ್ಯಾಡ್ರಿ. ಈಗ ತಡಕೋತೀನಿ. ಭಾಳ ಆದಾಗ ಬೇಕಾಗ್ತದ, ಇಡ್ರಿ.”

ಹಬ್ಬಕ್ಕೆಂದು ತುಪ್ಪ ತೆಗೆದಿಡುವ ಹೆಂಗಸು ಅವಳು. ಹೊಸ ಸೀರೆಯನ್ನೂ ಟ್ರಂಕಿನಲ್ಲಿಟ್ಟೇ ಹಳತು ಮಾಡುತ್ತಿದ್ದಳು. ಬ್ಲ್ಯಾಡರನ್ನು ತಲೆದಿಂಬಿನ ಪಕ್ಕ ಇಡಿಸಿಕೊಂಡು ಆಗಾಗ ಮುಟ್ಟಿ ನೋಡಿಕೊಂಡಳು. ರಬ್ಬರಿನಿಂದ ಅನಿಲ ಮೆಲ್ಲಗೆ ಸೋರುತ್ತದೆಂದು ನನಗೆ ಗೊತ್ತಿತ್ತು. ಆದರೆ ಮುಟ್ಟಿದಾಗಲೆಲ್ಲ ಅವಳ ಮುಖದಲ್ಲಿ ಬರುತ್ತಿದ್ದ ಧೈರ್ಯ ನೋಡಿ ನಾನು ಬಾಯಿ ಬಿಡಲಿಲ್ಲ. ಒಂದು ನಿಮಿಷಕ್ಕೂ ಸಾಲದ ಆ ಗಾಳಿಗಿಂತ ಅದೇ ಹೆಚ್ಚು ಎನಿಸಿತು.

ಎರಡು ದಿನ ಕಳೆದು, ಬೆಳಿಗ್ಗೆ ಅವಳ ತುಟಿ ನೀಲಿಗಟ್ಟಿತು. “ಈಗ ಕೊಡ್ರಿ,” ಎಂದಳು. ದಾರ ಬಿಚ್ಚಿ ಬಾಯಿಗೆ ಹಿಡಿದೆ. ಬ್ಲ್ಯಾಡರ್ ಆಗಲೇ ಮೆತ್ತಗಾಗಿತ್ತು. ಅವಳು ಒಂದೆರಡು ಸಲ ಎಳೆಯುವಷ್ಟರಲ್ಲಿ ಅದು ಚಪ್ಪಟೆಯಾಯಿತು. ಎಲ್ಲವನ್ನೂ ತಾನೇ ಖಾಲಿ ಮಾಡಿದೆನೆಂದು ತಿಳಿದು ನನ್ನ ಕಡೆ ನೋಡಿದಳು.

“ಭಾಳ ಜಲ್ದಿ ಮುಗಿಸಿಬಿಟ್ಟೆ ನೋಡ್ರಿ. ಸಿಟ್ಟಾಗಬ್ಯಾಡ್ರಿ,” ಎಂದಳು.